ಕೆರೆಯುವ ಮೊದಲು ಕೇಳಿಸಿಕೊಂಡೆ: ಗಂಗಾವತಿಯ ಹಳೇ ಪೇಟಿಗೆ ಹೊಸ ಶ್ರುತಿ

ನಮ್ಮ ದೊಡ್ಡವ್ವ ಹಾಡುವಾಗ ಪೇಟಿ, ಅಂದರೆ ಹಾರ್ಮೋನಿಯಂ, ಬೇಡ ಅನ್ನುತ್ತಾಳೆ. ಮಗ್ಗಲಲ್ಲಿ ತಂಬೂರಿ ಇದ್ದರೆ ಸಾಕು. ಮನೆಯಲ್ಲಿ ಅಜ್ಜನ ಕಾಲದ ಒಳ್ಳೆ ಪೇಟಿ ಇದೆ. 39 ಮನೆ (ಒತ್ತುವ ಕೀ), ಎರಡು ಸಾಲು ರೀಡು (ಗಾಳಿಗೆ ನುಡಿಯುವ ಹಿತ್ತಾಳೆ ನಾಲಗೆ), ತಿದಿ ಇನ್ನೂ ಗಟ್ಟಿ. ಆದರೂ ವಚನ ಹಾಡಲು ಕೂತಾಗ ನಾನು ಪೇಟಿ ಹಿಡಿದರೆ ಎರಡನೇ ನುಡಿಗೇ ಕೈ ಅಡ್ಡ ಹಿಡಿಯುತ್ತಾಳೆ. "ಬ್ಯಾಡ ತಮ್ಮಾ, ಗ ಚುಚ್ಚತೈತಿ."

ಬಹಳ ವರ್ಷ ನಾನು ಇದನ್ನು ವಯಸ್ಸಾದವರ ಹಟ ಅಂದುಕೊಂಡಿದ್ದೆ. ಹಟ ಅಲ್ಲ, ಅವಳ ಕಿವಿ ಸರಿ ಇದೆ ಅಂತ ಗೊತ್ತಾಗಿದ್ದು ಈ ಬೇಸಿಗೆಯಲ್ಲಿ. ಆಮೇಲೆ ಪೇಟಿಯನ್ನೇ ಅವಳ ಕಂಠಕ್ಕೆ ಹೊಂದಿಸೋಣ ಅಂತ ಹೊರಟೆ. ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಪೇಟಿ, ಕೀಬೋರ್ಡು, ಹಾಡು ಮೂರೂ ಇರುವ ಮನೆಯವರಿಗೆ ಉಪಯೋಗ ಆದೀತು.

ಮೊದಲು ರೋಗ ಏನು ಅಂತ ನೋಡೋಣ. ಇವತ್ತಿನ ಪೇಟಿ, ಕೀಬೋರ್ಡು, ಪಿಯಾನೊ ಎಲ್ಲದರಲ್ಲೂ ಒಂದು ಸಪ್ತಕವನ್ನು, ಅಂದರೆ ಸಾದಿಂದ ಮೇಲಿನ ಸಾವರೆಗಿನ ದೂರವನ್ನು, 12 ಸಮ ಪಾಲು ಮಾಡಿರುತ್ತಾರೆ. ಅಳತೆಗೆ ಸೆಂಟ್ ಅನ್ನುವ ಮಾನ ಇದೆ. 1885ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದದ್ದು. ಸಪ್ತಕಕ್ಕೆ 1200 ಸೆಂಟ್, ಒಂದೊಂದು ಮನೆಗೆ 100. ಆ ಲೆಕ್ಕದಲ್ಲಿ ಶುದ್ಧ ಗ 400ಕ್ಕೆ ಬರುತ್ತದೆ. ಆದರೆ ತಂಬೂರಿಯ ತಂತಿಯಿಂದ ತಾನಾಗಿ ಹುಟ್ಟುವ ಗ ಇರುವುದು 386ರಲ್ಲಿ. ಸಾಗೆ 5/4 ಪ್ರಮಾಣದಲ್ಲಿ. ನಡುವೆ ಹದಿನಾಲ್ಕು ಸೆಂಟ್ ಹತ್ತಿರ ವ್ಯತ್ಯಾಸ.

ಹದಿನಾಲ್ಕು ಅಂದರೆ ಕಾಗದದ ಮೇಲೆ ಚಿಕ್ಕದು. ಕಿವಿಗೆ ಹೇಗೆ ಅಂತ ನೋಡಿ. ದೊಡ್ಡವ್ವನ ಸಾ ಕರಿ 4, ಅಂದರೆ ಸಪ್ತಕದ ನಾಲ್ಕನೇ ಕರಿ ಮನೆ. ಸೆಕೆಂಡಿಗೆ 207.65 ಕಂಪನ, ಅಂದರೆ 207.65 ಹರ್ಟ್ಸ್. ತಂಬೂರಿಯ ಸಾ ತಂತಿ ಮೀಟಿದಾಗ ಅದರ ಐದು ಪಟ್ಟಿನ ಸ್ವರವೂ ಒಳಗೆ ಮಿನುಗುತ್ತಿರುತ್ತದೆ, ಸುಮಾರು 1038 ಹರ್ಟ್ಸ್. ಕೀಬೋರ್ಡಿನಲ್ಲಿ ಗ ಒತ್ತಿದರೆ ಅದರ ನಾಲ್ಕು ಪಟ್ಟು 1046 ದಾಟುತ್ತದೆ. ಇವೆರಡೂ ಒಟ್ಟಿಗೆ ನಿಲ್ಲಲಾರವು. ಸೆಕೆಂಡಿಗೆ ಎಂಟು ಸಲ ಒಂದರ ಮೇಲೊಂದು ಬಡಿಯುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಗುಂಯ್‌ಗುಂಯ್ ಅಂತ ನಡುಗುವುದು ಚೆನ್ನಾಗಿ ಗೊತ್ತಾಗುತ್ತದೆ. ಪ ಒತ್ತಿ ನೋಡಿ, ಅಲ್ಲಿ ಎರಡೇ ಸೆಂಟ್ ವ್ಯತ್ಯಾಸ. ಒಂದೂವರೆ ಸೆಕೆಂಡಿಗೆ ಒಂದು ಮೆಲ್ಲನೆಯ ಅಲೆ ಅಷ್ಟೆ. ಅದಕ್ಕೇ ದೊಡ್ಡವ್ವ ಪ ಬಗ್ಗೆ ಯಾವತ್ತೂ ದೂರಿಲ್ಲ. ಗ ಬಂದಾಗ ಮಾತ್ರ ಮುಖ ಕಿವುಚುತ್ತಾಳೆ.

ಹೀಗೆ ತಂತಿಯಲ್ಲಿ ತಾನಾಗಿ ಹುಟ್ಟುವ ಸ್ವರದ ಮಾತು ನಮ್ಮ ಕಡೆಗೆ ಹೊಸದೇನಲ್ಲ. ಗಂಗಾವತಿಯಿಂದ ಆನೆಗೊಂದಿಗೆ ಹೋಗಿ ಹೊಳೆ ದಾಟಿದರೆ ಹಂಪಿ. ಅಲ್ಲಿ ಅಳಿಯ ರಾಮರಾಯನ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯ ಅನ್ನುವ ಸಂಗೀತ ವಿದ್ವಾಂಸ ತನ್ನ ಸಂಗೀತ ಗ್ರಂಥದ ಒಂದು ಪ್ರಕರಣವನ್ನೇ ವೀಣೆಗೆ ಮೀಸಲಿಟ್ಟ. ಮೆಟ್ಟಿಲು ಎಲ್ಲಿ ಕೂರಿಸಬೇಕು ಅಂತ ಹೇಳುವಾಗ ಸ್ವಯಂಭೂ ಸ್ವರ ಅನ್ನುವ ಮಾತು ತರುತ್ತಾನೆ. ಸ್ವಯಂಭೂ! ಯಾರೂ ಕೂರಿಸದೆ ತಾನೇ ಎದ್ದ ಲಿಂಗಕ್ಕೆ ನಾವು ಹೇಳುವ ಮಾತು. ಒಂದು ಸ್ವರಕ್ಕೆ ಇದಕ್ಕಿಂತ ಒಳ್ಳೆ ಹೆಸರು ನನಗೆ ಗೊತ್ತಿಲ್ಲ.

ಪೇಟಿಯ ಮೇಲಿನ ಸಿಟ್ಟೂ ಹಳೆಯದೇ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ 1910ರ ದಶಕದಲ್ಲೇ ಸಪ್ತಕಕ್ಕೆ 12ರ ಬದಲು 22 ಶ್ರುತಿಯ ಪೇಟಿಗಾಗಿ ದುಡಿದಿದ್ದರು. 1940ರಲ್ಲಿ ಆಕಾಶವಾಣಿ ಪೇಟಿಯನ್ನು ನಿಷೇಧಿಸಿತು. ಆ ನಿಷೇಧ ಸಡಿಲಾಗಲು 1971ರವರೆಗೆ ಕಾಯಬೇಕಾಯಿತು. ದೇವಲ್‌ ಅವರ ಕಾಲದಲ್ಲಿ ಹೊಸ ಶ್ರುತಿ ಕೇಳಬೇಕೆಂದರೆ ರೀಡು ಕೆರೆಯಲೇಬೇಕಿತ್ತು. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ ಅಲ್ವಾ? ನಮಗೆ ಈಗ ಆ ಕಷ್ಟ ಇಲ್ಲ. ಮೊದಲು ಕಂಪ್ಯೂಟರಿನಲ್ಲಿ ಕೇಳಿಸಿಕೊಂಡು, ಒಪ್ಪಿಗೆಯಾದ ಮೇಲೆ ಕಾನಸು (ಅರ) ಹಿಡಿಯಬಹುದು.

ಸಾಮಾನು ಜಾಸ್ತಿ ಇಲ್ಲ. ಸೆಕೆಂಡ್‌ಹ್ಯಾಂಡ್ 49 ಕೀಗಳ ಮಿಡಿ ಕೀಬೋರ್ಡು, ಯಾವ ಕೀ ಒತ್ತಿದೆ ಅಂತ ಕಂಪ್ಯೂಟರಿಗೆ ತಿಳಿಸುವಂಥದ್ದು. 4 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪು, ಅದಕ್ಕೆ ಲಿನಕ್ಸ್ ಹಾಕಿದೆ. ಒಂದು ಸ್ಪೀಕರು. ಸದ್ದು ಹೊರಡಿಸಲು ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ (ಕಂಪ್ಯೂಟರಿನಲ್ಲೇ ವಾದ್ಯದ ಸದ್ದು ಹುಟ್ಟಿಸುವ) ತಂತ್ರಾಂಶ. ಇದು ಪೂರ್ತಿ ಉಚಿತ, ಮೂಲ ಸಂಕೇತವೂ ಎಲ್ಲರಿಗೂ ತೆರೆದಿದೆ. ಕಂಠ ಅಳೆಯಲು ಪ್ರಾಟ್, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾತಿನ ಧ್ವನಿ ಅಧ್ಯಯನಕ್ಕೆ ಮಾಡಿದ್ದು. ಅದೂ ಉಚಿತವೇ.

ಮೊದಲು ದೊಡ್ಡವ್ವನ ಹಾಡು ರೆಕಾರ್ಡ್ ಮಾಡಿದೆ. ನಮ್ಮ ಓಣಿಯ ಹಿಂದೆ ಅಕ್ಕಿ ಗಿರಣಿ ಇದೆ. ಅದು ಶುರುವಾದರೆ ಮುಗೀತು, ಏನೂ ಕೇಳಿಸದು. ಹಾಗಾಗಿ ಬೆಳಗಿನ ಐದಕ್ಕೆ ಎದ್ದು, ಫ್ಯಾನು ಆರಿಸಿ, ಮೊಬೈಲನ್ನು ಅವಳ ಮುಂದೆ ಒಂದು ಮಣೆಯ ಮೇಲಿಟ್ಟೆ. ತಂಬೂರಿಯ ಸದ್ದು ರೆಕಾರ್ಡಿನಲ್ಲಿ ಬೆರೆಯದಿರಲಿ ಅಂತ ಅವಳ ಕಿವಿಗೆ ಮಾತ್ರ ಕೇಳುವಂತೆ ಇಯರ್‌ಫೋನ್ ಕೊಟ್ಟೆ. ಒಂದು ಕಿವಿಗಷ್ಟೇ ಹಾಕಿಕೊಂಡಳು, ಇನ್ನೊಂದು ತನ್ನ ದನಿಗೆ ಬೇಕು ಅಂದಳು.

ಪ್ರಾಟ್‌ನಲ್ಲಿ ಹಾಡಿನ ಗೆರೆ ನೋಡಿದರೆ ಮೊದಲು ಗಾಬರಿಯಾಗುತ್ತದೆ. ಸ್ವರ ಎಲ್ಲೂ ನಿಂತ ಹಾಗೆ ಕಾಣುವುದೇ ಇಲ್ಲ. ಜಾರುತ್ತದೆ, ಏರುತ್ತದೆ, ತೂಗುತ್ತದೆ. ನಾನು ನುಡಿಯ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲಿಸುವ ಜಾಗಗಳನ್ನಷ್ಟೇ ಆರಿಸಿಕೊಂಡೆ. ಅಲ್ಲಿ ಅವಳ ಗ 385ರಿಂದ 390ರೊಳಗೇ ಕೂತಿತ್ತು. ಒಂದೇ ಒಂದು ಸಲವೂ 400 ಮುಟ್ಟಿರಲಿಲ್ಲ. ಎಂಟು ದಶಕದ ಹತ್ತಿರ ಬಂದ ಕಂಠ ಅದು. ಆ ಗೆರೆ ನೋಡುತ್ತಾ ನಾನು ಸುಮ್ನೆ ಕೂತುಬಿಟ್ಟೆ.

ಇನ್ನು ಆ ಸ್ವರಗಳನ್ನು ಕೀಬೋರ್ಡಿಗೆ ತರಬೇಕು. ಕೀಬೋರ್ಡಿನ ಪಿಚ್ ಬೆಂಡ್ ಚಕ್ರ ಇದಕ್ಕೆ ಒದಗುವುದಿಲ್ಲ. ಅದು ಒಂದು ಚಾನಲ್‌ನಲ್ಲಿರುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಗ್ಗಿಸುತ್ತದೆ. ಗ ಇಳಿಸಲು ಹೋದರೆ ಕೆಳಗೆ ಹಿಡಿದ ಸಾನೂ ಇಳಿಯುತ್ತದೆ. ಬೇಕಾದ್ದು ಒಂದೊಂದು ಸ್ವರಕ್ಕೂ ಅದರದೇ ಜಾಗ. ಇದಕ್ಕೆ ಎಲ್ಲರೂ ಬಳಸುವುದು ಸ್ಕಾಲಾ ಫೈಲು. ನೆದರ್ಲೆಂಡ್ಸಿನ ಮ್ಯಾನುಯೆಲ್ ಓಪ್ ಡಿ ಕೌಲ್ ಮಾಡಿದ ಸ್ಕಾಲಾ ತಂತ್ರಾಂಶದ ಫೈಲು ಅದು. ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ಬರೆಯಬಹುದು. ಮೊದಲು ಒಂದು ಸಾಲು ವಿವರಣೆ, ಆಮೇಲೆ ಎಷ್ಟು ಸ್ವರ, ಆಮೇಲೆ ಸಾಲಿಗೊಂದು ಸ್ವರ. ಸಾ ಬರೆಯುವ ಹಾಗಿಲ್ಲ, ಅದು ಇದ್ದೇ ಇದೆ. ಕೊನೆಗೆ ಮೇಲಿನ ಸಾ. ನನ್ನ ಫೈಲಿನ ಸ್ವರದ ಸಾಲುಗಳು ಹೀಗಿದ್ದವು:

16/15
9/8
6/5
5/4
4/3
45/32
3/2
8/5
5/3
16/9
15/8
2/1

ಅಷ್ಟೇ. ಕೋಮಲ (ತಗ್ಗಿನ) ರಿಯಿಂದ ಶುದ್ಧ ನಿವರೆಗೆ ಹನ್ನೊಂದು, ಮೇಲಿನ ಸಾ ಸೇರಿ ಹನ್ನೆರಡು. ಫೈಲನ್ನು ಮೌಸಿನಿಂದ ಎಳೆದು ಸರ್ಜ್ ಮೇಲೆ ಬಿಟ್ಟರೆ ಆಯಿತು.

ಸಿಂಥ್‌ನಲ್ಲಿ ಸದ್ದು ಆರಿಸುವಾಗ ಒಂದು ಎಚ್ಚರ ಬೇಕು. ಸಿದ್ಧ ಸದ್ದುಗಳಲ್ಲಿ ಬಹಳಷ್ಟಕ್ಕೆ ಕೋರಸ್ ಹಾಕಿರುತ್ತಾರೆ, ಇಲ್ಲವೇ ಒಂದೇ ಸ್ವರದ ನಾಲ್ಕೈದು ಪ್ರತಿಗಳನ್ನು ತುಸು ಆಚೀಚೆ ಮಾಡಿ ಸೇರಿಸಿರುತ್ತಾರೆ. ಕೇಳಲು ಸೊಂಪಾಗಿರುತ್ತದೆ. ಆದರೆ ಶ್ರುತಿಯ ಸೂಕ್ಷ್ಮವೆಲ್ಲ ಅದರಲ್ಲಿ ಕದಡಿಹೋಗುತ್ತದೆ. ನಾನು ಒಂದೇ ಆಸಿಲೇಟರ್ (ಸದ್ದಿನ ಮೂಲ) ಇಟ್ಟೆ, ಕಿರಿದಾದ ಪಲ್ಸ್ ಅಲೆ. ಪೇಟಿಯ ರೀಡಿಗೆ ಸ್ವಲ್ಪ ಹತ್ತಿರ. ಎಲ್ಲ ಎಫೆಕ್ಟ್ ತೆಗೆದೆ.

ಇಲ್ಲಿ ಮೊದಲ ಪೆಟ್ಟು ಬಿತ್ತು. 5/4 ಬದಲು ದೊಡ್ಡವ್ವನ ಕಂಠದ ಸರಾಸರಿಯನ್ನೇ ಹಾಕಿ ನೋಡೋಣ ಅಂತ ಆ ಸಾಲಿನಲ್ಲಿ 387 ಅಂತ ಬರೆದೆ. ಗ ಕೀ ಒತ್ತಿದರೆ ಗ ಇಲ್ಲ. ಪಕ್ಕದ ಸ್ವರಗಳೆಲ್ಲ ಸರಿ, ಗ ಮಾತ್ರ ಮಾಯ. ಕೇಬಲ್ ನೋಡಿದೆ, ಕೀ ಕೆಟ್ಟಿರಬೇಕು ಅಂತ ಕೀಬೋರ್ಡು ಬಿಚ್ಚಿದೆ. ತಪ್ಪು ಇದ್ದದ್ದು ಒಂದು ಚುಕ್ಕಿಯಲ್ಲಿ. ಸ್ಕಾಲಾ ಫೈಲಿನಲ್ಲಿ ಚುಕ್ಕಿ ಇದ್ದರೆ ಮಾತ್ರ ಸೆಂಟ್. ಚುಕ್ಕಿ ಇಲ್ಲದ ಸಂಖ್ಯೆ ಪ್ರಮಾಣ. ನಾನು ಯಂತ್ರವನ್ನು ಕೇಳಿದ್ದು ಸಾದ 387 ಪಟ್ಟಿನ ಗ! ಲೆಕ್ಕ ಹಾಕಿದರೆ 80 ಸಾವಿರ ಹರ್ಟ್ಸ್ ದಾಟುತ್ತದೆ. ಮನುಷ್ಯರ ಕಿವಿ 20 ಸಾವಿರಕ್ಕೇ ನಿಲ್ಲುತ್ತದೆ. 387.0 ಅಂತ ತಿದ್ದಿದ ಮೇಲೆ ಗ ಬಂತು.

ಎರಡನೆಯ ಪೆಟ್ಟು ಇದಕ್ಕಿಂತ ಒಳಗಿನದು. ಅದನ್ನು ಹಿಡಿದದ್ದು ನಾನಲ್ಲ, ದೊಡ್ಡವ್ವ. ಸ್ವರಪಟ್ಟಿ ಹೇಳುವ ಫೈಲು ಒಂದು, ಸಾ ಯಾವ ಕೀಗೆ ಅಂತ ಹೇಳುವ ಫೈಲು ಇನ್ನೊಂದು. ಕೆಬಿಎಂ ಅನ್ನುತ್ತಾರೆ. ಅದರಲ್ಲಿ ಎರಡು ಸಂಖ್ಯೆ ಮುಖ್ಯ: ಪಟ್ಟಿ ಯಾವ ಕೀಯಿಂದ ಶುರುವಾಗುತ್ತದೆ, ಮತ್ತು ಯಾವ ಕೀಗೆ ಇಷ್ಟೇ ಹರ್ಟ್ಸ್ ಅಂತ ಕಟ್ಟಬೇಕು. ಮಿಡಿ ಲೆಕ್ಕದಲ್ಲಿ ಕರಿ 4 ಅಂದರೆ 56. ನಾನು ಎರಡನೆಯದಕ್ಕೆ 56 ಮತ್ತು 207.65 ಸರಿಯಾಗಿ ಕೊಟ್ಟೆ. ಮೊದಲನೆಯದರಲ್ಲಿ ಮಾದರಿ ಫೈಲಿನ 60 ಹಾಗೇ ಉಳಿದಿತ್ತು. ಅಂದರೆ ಪಟ್ಟಿ ಬಿಳಿ 1ರಿಂದ ಶುರು. ನಾನು ಸಾ ಅಂದುಕೊಂಡ ಕರಿ 4, ಯಂತ್ರದ ಲೆಕ್ಕದಲ್ಲಿ ಕೋಮಲ ಧ.

ಇಷ್ಟು ದೊಡ್ಡ ತಪ್ಪಾದರೆ ಎಲ್ಲ ಅಪಸ್ವರ ಆಗಬೇಕು ಅಲ್ವಾ? ಆಗಲಿಲ್ಲ. ಗ ಸರಿ, ಮ ಸರಿ, ಪ ಸರಿ, ಧ ಸರಿ, ನಿ ಸರಿ. ನನಗಂತೂ ಎಲ್ಲ ಹಾಲು ಜೇನು. ದೊಡ್ಡವ್ವ ಕೂತು ಕೇಳಿದಳು. ಗ ಬಂದಾಗ ಮೊದಲ ಸಲ ತಲೆ ತೂಗಿದಳು. ಆಮೇಲೆ ಅಂದಳು: "ಗ ಬಂತು ನೋಡು. ಆದ್ರ ರಿ ಇಳಿದೈತಿ."

ಎರಡು ಸಂಜೆ ಹುಡುಕಿದೆ. ಕೊನೆಗೆ ಕಾಗದದ ಮೇಲೆ ಭಿನ್ನರಾಶಿ ಹಾಕಿದೆ. ಕೋಮಲ ಧವನ್ನು ಸಾ ಮಾಡಿಕೊಂಡು ಹೊರಟರೆ ಗ 5/4 ಬರುತ್ತದೆ, ಪ 3/2, ಧ 5/3, ಎಲ್ಲವೂ ಇರಬೇಕಾದ ಹಾಗೇ. ರಿ ಮಾತ್ರ 16/9 ಭಾಗಿಸು 8/5, ಅಂದರೆ 10/9. ಬೇಕಾದ್ದು 9/8. 204 ಸೆಂಟಿನ ಜಾಗದಲ್ಲಿ 182. ಸರಿಯಾಗಿ 81/80ರಷ್ಟು ಇಳಿದಿತ್ತು. ಹರ್ಟ್ಸ್ ಲೆಕ್ಕದಲ್ಲಿ ಮೂರರ ಹತ್ತಿರ. ಎಲ್ಲ ಶುದ್ಧ ಸ್ವರ ಸರಿಯಿದ್ದು ಒಂದೇ ಒಂದು ಕೆಳಗಿದೆ ಅಂತ ಅವಳು ಹೇಳಿದ್ದು ಅಕ್ಷರಶಃ ನಿಜ. 60 ಅಳಿಸಿ 56 ಬರೆದೆ. ಮತ್ತೆ ನುಡಿಸಿದೆ. ಏನೂ ಹೇಳಲಿಲ್ಲ, ಹಾಡಲು ಶುರು ಮಾಡಿದಳು. ಪೇಟಿಯಂಥ ಸದ್ದಿನ ಜೊತೆ ಅವಳು ಒಂದು ವಚನ ಪೂರ್ತಿ ಹಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಈಗ ನಿಜವಾದ ಪೇಟಿ. ಇಲ್ಲಿ ಆತುರ ಮಾಡಲಿಲ್ಲ. ಹನ್ನೆರಡೂ ಸ್ವರ ಕೆರೆಯುವ ಬದಲು ಗ, ಧ, ನಿ ಮೂರನ್ನಷ್ಟೇ ಇಳಿಸಿದರೆ ಸಾಕಾಗುತ್ತದಾ ಅಂತ ಯೋಚಿಸಿದೆ. ರಿ, ಮ, ಪ ಹೇಗೂ ಎರಡು ನಾಲ್ಕು ಸೆಂಟಿನ ಒಳಗೇ ಇವೆ. ಕೆರೆದ ಮೇಲೆ ಪೇಟಿ ಹೇಗಿರುತ್ತದೋ ಹಾಗೇ ಒಂದು ಸ್ಕಾಲಾ ಫೈಲು ಬರೆದೆ. ಗ 386.3, ಧ 884.4, ನಿ 1088.3. ಉಳಿದವು ಎಂದಿನ 100.0, 200.0 ಹೀಗೆ. ಎಲ್ಲಕ್ಕೂ ಚುಕ್ಕಿ.

ಈ ಫೈಲು ಹಾಕಿಕೊಂಡು ಬೇರೆ ಬೇರೆ ಮನೆಯಿಂದ ಸಾ ಹಿಡಿದು ನುಡಿಸಿದೆ. ಪೇಟಿ ದೊಡ್ಡವ್ವನೊಬ್ಬಳದಲ್ಲ, ಮನೆ ಮಂದಿಯದು. ಕರಿ 1ರಿಂದ ಹಾಡಿದರೆ ಏನೂ ಕೆಡಲಿಲ್ಲ, ಗ ಮತ್ತು ನಿ ಮೊದಲಿಗಿಂತ ಚೆನ್ನಾದವು. ಕರಿ 2ರಲ್ಲಿ ಹಾಡುವ ಕಾಕಾಗೆ ರಿ 184ಕ್ಕೆ ಇಳಿಯಿತು. ಅವರನ್ನು ಕರೆದು ಕೇಳಿಸಿದೆ. "ನಡೀತದ, ಆದ್ರ ಜರಾ ಭಾರ ಆಗತೈತಿ" ಅಂದರು. ಬಿಳಿ 1ರಲ್ಲಿ ಮಾತ್ರ ಗ 414ಕ್ಕೆ ಹೋಯಿತು. ಅದು ಕೇಳಲಿಕ್ಕೇ ಆಗದು. ಬಿಳಿ 1ರಲ್ಲಿ ಹಾಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಭಜನೆ ಮೇಳದ ಪೇಟಿ ಬೇರೆ ಇದೆ, ಅದನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟೆ. ಒಂದು ರೀಡನ್ನೂ ಮುಟ್ಟದೆ ಇಷ್ಟೆಲ್ಲ ತಿಳಿಯಿತು. ಈ ಒಂದು ಕಾರಣಕ್ಕೇ ತಂತ್ರಾಂಶದ ಕೆಲಸ ಮೊದಲು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪೇಟಿ ಬಿಚ್ಚಿದಾಗ ಗೊತ್ತಾಯಿತು, ಅದರ ಕರಿ 4 ಇರುವುದು 211 ಹರ್ಟ್ಸ್‌ನಲ್ಲಿ. 28 ಸೆಂಟ್ ಮೇಲೆ. ಸಾ ಕೆರೆಯುವುದು ಬೇಡ, ಕೆಬಿಎಂ ಫೈಲಿನಲ್ಲೇ 207.65 ಅಳಿಸಿ 211 ಹಾಕಿದೆ. ಲ್ಯಾಪ್‌ಟಾಪು ಪೇಟಿಯ ಹತ್ತಿರ ಬಂತು.

ಗಗೆ ನಾಲ್ಕು ಮನೆ, ಧಗೆ ಮೂರು, ನಿಗೆ ಮೂರು. ಎರಡು ಸಾಲು ಅಂದರೆ 20 ರೀಡು. ಸ್ವರ ಇಳಿಯಬೇಕಾದರೆ ನಾಲಗೆಯ ಬುಡದಲ್ಲಿ, ರಿವೆಟ್ ಹತ್ತಿರ ಕೆರೆಯಬೇಕು. ಏರಬೇಕಾದರೆ ತುದಿಯಲ್ಲಿ. ನಾಲಗೆಯ ಕೆಳಗೆ ಹಳೇ ಬ್ಲೇಡು ತೂರಿಸಿ ಆಧಾರ ಕೊಟ್ಟು, ಸಣ್ಣ ಕಾನಸಿನಿಂದ ಎರಡೇ ಎಳೆತ. ಆಮೇಲೆ ಕೈ ಬಿಟ್ಟು ಕೂರಬೇಕು. ಉಜ್ಜಿದಾಗ ಹಿತ್ತಾಳೆ ಬಿಸಿಯಾಗುತ್ತದೆ, ಬಿಸಿಯಲ್ಲಿ ಸ್ವರ ಸುಳ್ಳು ಹೇಳುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಮಧ್ಯಾಹ್ನ ಕೆಲಸ ಮಾಡಲೇಬಾರದು. ಮುಚ್ಚಳ ತೆಗೆದಾಗ ಕೇಳಿದ್ದು, ಮುಚ್ಚಿದ ಮೇಲೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ಮುಚ್ಚಿ, ಹಾಡಿಗೆ ಒತ್ತುವಷ್ಟೇ ತಿದಿ ಒತ್ತಿ ನೋಡಬೇಕು. ಸ್ಪೀಕರಿನಲ್ಲಿ ಸರ್ಜ್‌ನ ಗ ಹಿಡಿದಿಟ್ಟು, ಜೊತೆಗೆ ಪೇಟಿಯ ಗ ಒತ್ತಿ, ಅಲೆ ನಿಧಾನವಾಗಿ ನಿಲ್ಲುವುದನ್ನು ಕೇಳುತ್ತಾ ಹೋದೆ. ಮೊದಲು ಗುಂಯ್‌ಗುಂಯ್, ಆಮೇಲೆ ಗುಂ... ಗುಂ..., ಆಮೇಲೆ ಒಂದೇ ಗೆರೆ. ಮೊಬೈಲಿನ ಟ್ಯೂನರಿನ ಮುಳ್ಳಿಗಿಂತ ಈ ದಾರಿಯೇ ನಂಬಿಕೆಯದು.

ನಾಲ್ಕು ಭಾನುವಾರ ಹಿಡಿಯಿತು. ಮೇಲಿನ ಸಪ್ತಕದ ಒಂದು ಧ ನಾಲಗೆ ಸೀಳಿತು. ತಪ್ಪು ನನ್ನದೇ, ಎರಡು ಎಳೆತದ ನಿಯಮ ಮೀರಿ ಐದು ಎಳೆದಿದ್ದೆ. ಕೆಟ್ಟುಹೋದ ಇನ್ನೊಂದು ಪೇಟಿಯಿಂದ ಅದೇ ಅಳತೆಯ ರೀಡು ತಂದು ಕೂರಿಸಿದೆ.

ಪೇಟಿಯಿಂದ ಆಗದ ಕೆಲಸ ಒಂದು ಉಳಿಯಿತು. ದೊಡ್ಡವ್ವ ಕೊನೆಗೆ ಭೈರವಿ ರಾಗ ಹಾಡುತ್ತಾಳೆ. ಅಲ್ಲಿ ಅವಳ ಕೋಮಲ ರಿ 92ರ ಆಸುಪಾಸು ನಿಲ್ಲುತ್ತದೆ. ನನ್ನ ಮೊದಲ ಫೈಲಿನ 16/15 ಅಂದರೆ 112, ಬಹಳ ಮೇಲೆ. ಅದಕ್ಕೆ 256/243 ಹಾಕಿ ಇನ್ನೊಂದು ಫೈಲು ಮಾಡಿದೆ, ಅದು 90ಕ್ಕೆ ಬರುತ್ತದೆ. ಭೈರವಿ ಬಂದಾಗ ಲ್ಯಾಪ್‌ಟಾಪಿನಲ್ಲಿ ಆ ಫೈಲು ಎಳೆದು ಬಿಡುತ್ತೇನೆ, ಒಂದು ಉಸಿರಿನಷ್ಟು ಹೊತ್ತು. ಎರಡು ಮೂರು ಸಿಂಥ್ ಒಟ್ಟಿಗೆ ನುಡಿಸುವವರು ಎಂಟಿಎಸ್-ಇಎಸ್‌ಪಿ ನೋಡಿ. ಒಂದೇ ಕಡೆ ಶ್ರುತಿ ಬದಲಿಸಿದರೆ ಅದನ್ನು ಬಲ್ಲ ಎಲ್ಲ ಸಿಂಥ್‌ಗಳೂ ಒಟ್ಟಿಗೆ ಬದಲಾಗುತ್ತವೆ. ಅದರ ಮಿನಿ ಆವೃತ್ತಿ ಉಚಿತ.

ಹೋದ ಸೋಮವಾರ ರಾತ್ರಿ ಊಟವಾದ ಮೇಲೆ ದೊಡ್ಡವ್ವ ತಾನೇ ಪೇಟಿಯ ಮೇಲಿನ ಬಟ್ಟೆ ತೆಗೆದಳು. ತಿದಿ ಎಳೆದು ಸಾ ಒತ್ತಿದಳು, ಆಮೇಲೆ ಗ. ಎರಡನ್ನೂ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದಳು. ಕೆಳಗಿನ ಸಾಲಿನ ಒಂದು ನಿ ಇನ್ನೂ ಮೂರು ಸೆಂಟ್ ಮೇಲಿದೆ. ಮಳೆ ಬಿದ್ದು ಸ್ವಲ್ಪ ತಂಪಾದ ಮೇಲೆ ಬಿಚ್ಚುತ್ತೇನೆ.